ನಾನು, ನೀವು, ಬಾಗಿಲಲ್ಲೊಬ್ಬ ವಾರ್ಡರ್

ಜೈಲಿನ ಆಸ್ಪತ್ರೆ ವಿಭಾಗದ ಹಿಂದೆ ಒಂದು ಸ್ಟೋರ್ ರೂಮು. ಗೋಡೆಗೆ ಒತ್ತರಿಸಿಟ್ಟ ಖಾಲಿ ಸಲೈನ್ ಡಬ್ಬಗಳು, ಒಂದು ಕಬ್ಬಿಣದ ಟೇಬಲ್ಲು, ಎರಡು ಪ್ಲಾಸ್ಟಿಕ್ ಕುರ್ಚಿ. ನಮಗೆ ಕೊಟ್ಟ ‘ಕೌನ್ಸೆಲಿಂಗ್ ಕೊಠಡಿ’ ಅದೇ. ನನ್ನ ವಿದ್ಯಾರ್ಥಿನಿ ಮೊದಲ ಬಾರಿಗೆ ಕೈದಿಯೊಬ್ಬನ ಎದುರು ಕೂತಿದ್ದಳು. ನಾನು ಮೂಲೆಯ ಸ್ಟೂಲಿನಲ್ಲಿದ್ದೆ. ತರಗತಿಯಲ್ಲಿ ಹೇಳಿಕೊಟ್ಟಿದ್ದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು, ದನಿ ತಗ್ಗಿಸಿ ಶುರು ಮಾಡಿದಳು: “ನೀವು ಇಲ್ಲಿ ಏನು ಹೇಳಿದರೂ ಅದು ನಮ್ಮಿಬ್ಬರ ನಡುವೆಯೇ ಇರುತ್ತೆ.”

ಆತ ಅವಳನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಕತ್ತು ಹೊರಳಿಸಿ, ಅರ್ಧ ತೆರೆದ ಬಾಗಿಲಿಗೆ ಒರಗಿ ಹಲ್ಲುಕಡ್ಡಿ ಅಗಿಯುತ್ತಿದ್ದ ವಾರ್ಡರನ್ನು ನೋಡಿದ. “ಇವ್ರನ್ನೂ ಸೇರಿಸ್ಕೊಂಡು ಇಬ್ರಾ ಮೇಡಂ?” ಅಂದ. ವಾರ್ಡರಿಗೂ ನಗು ತಡೆಯಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾನು ಸುಳ್ಳು ಹೇಳಿದ ಹಾಗಾಯ್ತಾ ಮೇಡಂ?” ಎಂದು ಕೇಳಿದಳು. ಹೌದು ಅಂದೆ. ಆ ಸುಳ್ಳನ್ನು ಕಲಿಸಿಕೊಟ್ಟಿದ್ದು ನಾವೇ ಅನ್ನುವುದನ್ನು ಹೇಳಲು ಇನ್ನೆರಡು ಸ್ಟಾಪು ಬೇಕಾಯಿತು.

ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ತರಬೇತಿಯಲ್ಲಿ ವೃತ್ತಿನೀತಿಯ ಪಾಠ ಇರುತ್ತದೆ. ಒಪ್ಪಿಗೆ, ಗೋಪ್ಯತೆ, ಗಡಿ, ಹೀಗೆ ಒಂದೊಂದು ಸ್ಲೈಡಿನಲ್ಲಿ ಒಂದೊಂದು ಪದ. ಆ ಪದಗಳೆಲ್ಲ ಹುಟ್ಟಿದ್ದು ರೋಗಿಯೇ ಅಪಾಯಿಂಟ್‌ಮೆಂಟ್ ತಗೊಂಡು ಬರುವ, ಬೇಡವಾದರೆ ಎದ್ದು ಹೋಗಬಹುದಾದ ಕೋಣೆಯಲ್ಲಿ. ಜೈಲಿನಲ್ಲಿ ನಮ್ಮ ಎದುರು ಕೂತವನಿಗೆ ಎದ್ದು ಹೋಗುವುದಕ್ಕೂ ಇನ್ನೊಬ್ಬರ ಅನುಮತಿ ಬೇಕು. ಹುಡುಗರು ಮಾತ್ರ 1971ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಕಲಿ ಜೈಲಿನ ಪ್ರಯೋಗವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮಾಮೂಲಿ ವಿದ್ಯಾರ್ಥಿಗಳು ಕಾವಲುಗಾರರಾಗಿ ಹೇಗೆ ಕ್ರೂರಿಗಳಾದರು ಅನ್ನುವ ಕಥೆ ಎಲ್ಲರಿಗೂ ಪ್ರಿಯ. ನನಗೆ ಅದರಲ್ಲಿ ಕುತೂಹಲ ಇರುವುದು ಒಂದೇ ವಿಷಯಕ್ಕೆ: ಪ್ರಯೋಗ ನಡೆಸಿದ ಪ್ರೊಫೆಸರ್ ಜಿಂಬಾರ್ಡೊ ತಾನೇ ಜೈಲಿನ ಸೂಪರಿಂಟೆಂಡೆಂಟ್ ಆಗಿ ಕೂತರು, ತಾನು ಸಂಶೋಧಕ ಅನ್ನುವುದನ್ನೇ ಮರೆತರು. ನಮ್ಮ ಹುಡುಗರು ಭಯಪಡಬೇಕಾದ್ದು ಆ ಕುರ್ಚಿಗೆ. ಲಾಠಿ ಹಿಡಿಯುವ ಅವಕಾಶ ಅವರಿಗೆ ಹೇಗೂ ಸಿಗುವುದಿಲ್ಲ.

ಗೋಪ್ಯತೆಯ ಮಾತನ್ನೇ ಹಿಡಿದು ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಕೈದಿಗೂ ಕೊಡುತ್ತದೆ. ಅದೇ ಸೆಕ್ಷನ್ನಿನಲ್ಲಿ ವಿನಾಯಿತಿಗಳೂ ಇವೆ: ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶ, ಸಾರ್ವಜನಿಕ ಸುರಕ್ಷತೆ. ಹೊರಗಿನ ಕ್ಲಿನಿಕ್ಕಿನಲ್ಲಿ ಈ ವಿನಾಯಿತಿಗಳು ವರ್ಷಕ್ಕೊಮ್ಮೆ ಎದುರಾದರೆ ಹೆಚ್ಚು. ಒಳಗೆ ದಿನ ಬೆಳಗಾದರೆ ಇವೇ. ಇನ್ನೊಂದು ವಿಷಯವಂತೂ ಎಷ್ಟೋ ಹಿರಿಯರಿಗೇ ನೆನಪಿರುವುದಿಲ್ಲ. ವಕೀಲನಿಗೆ ಕಕ್ಷಿದಾರ ಹೇಳಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನು ರಕ್ಷಣೆ ಕೊಡುತ್ತದೆ. ಮನಶ್ಶಾಸ್ತ್ರಜ್ಞನಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಇಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ನ್ಯಾಯಾಂಗ ಬಂಧನದಲ್ಲಿರುವವನು ಪೊಲೀಸರಲ್ಲದ ನಮ್ಮಂಥವರ ಮುಂದೆ ಮನಸ್ಸು ಬಿಚ್ಚಿದರೆ, ನಾವು ಅದನ್ನು ಫೈಲಿನಲ್ಲಿ ಬರೆದಿಟ್ಟರೆ, ಆ ಫೈಲಿಗೆ ಸಮನ್ಸ್ ಬರುವುದನ್ನು ತಡೆಯಲು ನಮ್ಮ ಕೈಯಲ್ಲಿ ಏನೂ ಇಲ್ಲ.

ಈಗ ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿದ್ದವರ ಪೈಕಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ಸ್ಟೋರ್ ರೂಮಿನ ಆ ಕುರ್ಚಿಗೆ ಬಂದು ಕೂರುವ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ನಮ್ಮ ಹುಡುಗರು ಕಲಿತುಕೊಂಡು ಬಂದಿರುವ ಮೊದಲ ವಿದ್ಯೆ ಕೇಸ್ ಹಿಸ್ಟರಿ ತೆಗೆಯುವುದು. ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನಾಗಿತ್ತು, ಆ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತು, ಎಲ್ಲ ಬರೆಯಬೇಕು. ಹೆಚ್ಚು ಬರೆದಷ್ಟೂ ಗೈಡ್ ಮೆಚ್ಚುತ್ತಾರೆ. ಅದೇ ಅಭ್ಯಾಸದಲ್ಲಿ ಮುಗ್ಧವಾಗಿ ಕೇಳಿಬಿಡುತ್ತಾರೆ: “ಆ ದಿನ ಏನಾಯ್ತು?”

ಆ ಮೂರು ಪದಗಳನ್ನು ನಾನು ನಿಷೇಧಿಸಿದ್ದೇನೆ. ನಿದ್ದೆ ಬರುತ್ತಿಲ್ಲವೇ, ಬ್ಯಾರಕ್ಕಿನಲ್ಲಿ ಯಾರಿಗಾದರೂ ಹೆದರುತ್ತಿದ್ದಾರೆಯೇ, ಕುಡಿತ ಬಿಟ್ಟ ಮೈನಡುಕವೇ, ಮನೆಯವರು ನೋಡಲು ಬಂದು ಎಷ್ಟು ದಿನವಾಯಿತು, ಸಾಯಬೇಕು ಅನ್ನಿಸುತ್ತಿದೆಯೇ ಎಂದೆಲ್ಲ ಕೇಳಿ. ಘಟನೆಯನ್ನು ಮಾತ್ರ ಕೇಳಬೇಡಿ. ಅವರೇ ಹೇಳಲು ಹೊರಟರೆ ಕೈ ಅಡ್ಡ ಹಿಡಿದು, ಇದನ್ನು ನಿಮ್ಮ ವಕೀಲರಿಗೆ ಹೇಳಿ ಅನ್ನಿ. ಒಬ್ಬ ಹುಡುಗ ಇದಕ್ಕೆ ಸಿಟ್ಟಾಗಿದ್ದ. “ಆತನ ಎದೆಯ ಮೇಲೆ ಕೂತಿರೋದೇ ಅದು. ಅದನ್ನ ಬಿಟ್ಟು ಉಳಿದಿದ್ದಕ್ಕೆಲ್ಲ ಚಿಕಿತ್ಸೆ ಮಾಡೋದು ಅರ್ಧಂಬರ್ಧ ಕೆಲಸ ಅಲ್ವಾ?” ಅಂದ. ಅರ್ಧಂಬರ್ಧವೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಹಾಗೆ ಅರ್ಧದಲ್ಲಿ ನಿಲ್ಲಿಸುವುದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ನಾನು ಕಲಿತದ್ದು ಎಡವಿಯೇ.

ನನ್ನ ತರಬೇತಿಯ ಎರಡನೇ ವರ್ಷ. ಇಪ್ಪತ್ತಮೂರು, ಇಪ್ಪತ್ನಾಲ್ಕರ ಹುಡುಗನೊಬ್ಬ ಆರು ವಾರ ನನ್ನ ಹತ್ತಿರ ಬಂದ. (ಇಲ್ಲಿ ಬರುವ ಎಲ್ಲರ ಗುರುತಿನ ವಿವರಗಳನ್ನು ಬದಲಿಸಿದ್ದೇನೆ.) ಅಮ್ಮನ ಮಾತು ಬಂದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಿದ್ದ. ಏಳನೇ ವಾರ ಏಳುವಾಗ ಮೆಲ್ಲಗೆ ಅಂದ, “ಅಕ್ಕಾ, ಒಂದೇ ಒಂದು ಫೋನ್. ಚೆನ್ನಾಗಿದ್ದೀನಿ ಅಂತ ಅಮ್ಮಂಗೆ ಹೇಳಿಬಿಡಿ, ಸಾಕು.” ಅಂಗೈಯಲ್ಲಿ ಬರೆದುಕೊಂಡಿದ್ದ ನಂಬರು ತೋರಿಸಿದ. ನಿಯಮ ನನಗೆ ಗೊತ್ತಿತ್ತು. ಚೀಟಿ, ಸಂದೇಶ, ಸಾಮಾನು ಯಾವುದನ್ನೂ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ದಾಟಿಸುವಂತಿಲ್ಲ. ಗೇಟಿನ ರಿಜಿಸ್ಟರಿಗೆ ಸಹಿ ಹಾಕುವಾಗ ಗೋಡೆಯ ಮೇಲೆ ಅದೇ ಕಾಣುತ್ತದೆ. ಆದರೆ ‘ಅಕ್ಕಾ’ ಅಂದಿದ್ದನಲ್ಲ. ಒಂದು ನಿಮಿಷದ ಫೋನಿಗೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ.

ಸಂಜೆ ಪಿಜಿಯ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡಿದೆ. ಎತ್ತಿದ್ದು ಅಮ್ಮನೇ. ನಾನು ಯಾರು ಎಂದು ತಿಳಿಸುವುದು ವೃತ್ತಿಧರ್ಮ ಅಂದುಕೊಂಡು ನೀಟಾಗಿ ಪರಿಚಯ ಹೇಳಿಕೊಂಡೆ. ಜೈಲಿನಲ್ಲಿ ನಿಮ್ಮ ಮಗನ ಜೊತೆ ಮಾತಾಡುವ ಸೈಕಾಲಜಿಸ್ಟ್ ನಾನು ಅಂದೆ. ಆ ಕಡೆ ಯಾವುದೋ ಧಾರಾವಾಹಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು. ಆಮೇಲೆ ಆ ತಾಯಿ ಕೇಳಿದರು:

“ಯಾವ ಜೈಲು?”

ಮಗ ದುಬೈಗೆ ಹೋಗಿದ್ದಾನೆ ಎಂದು ಅಣ್ಣಂದಿರು ಹೇಳಿದ್ದರು. ಎಂಟು ತಿಂಗಳಿಂದ ಮನೆಯಲ್ಲಿ ಎಲ್ಲರೂ ಸೇರಿ ಆ ಮಾತನ್ನು ಕಾಪಾಡಿಕೊಂಡು ಬಂದಿದ್ದರು. ನಾನು ಒಂದೇ ವಾಕ್ಯದಲ್ಲಿ ಒಡೆದುಹಾಕಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಸಂಜೆ ಬಾಲ್ಕನಿಯಲ್ಲಿ ಅದು ಗಾದೆಯಾಗಿ ಉಳಿಯಲಿಲ್ಲ. ಮುಂದಿನ ವಾರ ಆ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕರೆದುಕೊಂಡು ಬರುವ ವಾರ್ಡರ್, “ಬರಲ್ಲ ಅಂತಾನೆ ಮೇಡಂ” ಎಂದಷ್ಟೇ ಹೇಳಿದರು. ನನ್ನ ಗೈಡಿಗೆ ಇದನ್ನು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನೇ ಗೈಡಾಗಿದ್ದೆ.

ಅದಕ್ಕೇ ಈಗ ವಿದ್ಯಾರ್ಥಿಗಳನ್ನು ಒಳಗೆ ಕರೆದೊಯ್ಯುವ ಮುಂಚೆ ‘ಇಲ್ಲ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸುತ್ತೇನೆ. ನಿಯಮ ಓದಿಸಿದರೆ ಏನೂ ಆಗುವುದಿಲ್ಲ, ನಾನೂ ಓದಿದ್ದೆ. ಒಬ್ಬರು ಕೈದಿಯಾಗಿ ಕೂತು, ಅತ್ತು ಕರೆದು, ಅಕ್ಕಾ ಅಣ್ಣಾ ಅಂದು, ಕೊನೆಗೆ ಬೈದು ಕೇಳಬೇಕು. ಇನ್ನೊಬ್ಬರು ಮುಖ ಗಂಟಿಕ್ಕದೆ, ಭಾಷಣ ಬಿಗಿಯದೆ, ನಿಯಮವನ್ನು ಗುರಾಣಿ ಮಾಡಿಕೊಳ್ಳದೆ ಆಗುವುದಿಲ್ಲ ಅನ್ನಬೇಕು. ಅಷ್ಟಕ್ಕೇ ಬಿಡದೆ, ಆಗುವುದು ಏನು ಅನ್ನುವುದನ್ನೂ ಹೇಳಬೇಕು. ಫೋನ್ ಬೂತಿನ ಅರ್ಜಿ ಯಾರ ಹತ್ತಿರ ಇರುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಯಾವ ದಿನ ಬರುತ್ತಾರೆ, ಇವೆಲ್ಲ ನಾಲಿಗೆಯ ತುದಿಯಲ್ಲಿರಬೇಕು. ಮೊದಲೆರಡು ಸಲ ಹುಡುಗರು ನಗುತ್ತಾರೆ. ಮೂರನೇ ಸಲಕ್ಕೆ ಯಾರಾದರೊಬ್ಬರು ಸೋತು ನಂಬರು ಬರೆದುಕೊಂಡುಬಿಡುತ್ತಾರೆ. ಆಗ ಎಲ್ಲರೂ ಸುಮ್ಮನಾಗುತ್ತಾರೆ.

ಇದಕ್ಕಿಂತ ಕಷ್ಟದ್ದು ಸಾವಿನ ಮಾತು. ಕೈದಿಯೊಬ್ಬ ಬದುಕಲು ಇಷ್ಟವಿಲ್ಲ ಅಂದರೆ, ದಾರಿಯನ್ನೂ ಯೋಚಿಸಿಟ್ಟಿದ್ದಾನೆ ಅಂದರೆ, ಮೇಲಿನವರಿಗೆ ಹೇಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಜೈಲಿನ ಭಾಷೆಯಲ್ಲಿ ಸುರಕ್ಷತೆ ಅಂದರೆ ಬಹಳ ಸಲ ಒಬ್ಬನನ್ನೇ ಇಡುವುದು. ಬ್ಯಾರಕ್ಕಿನ ಗದ್ದಲ, ಬೀಡಿ ಹಂಚಿಕೊಳ್ಳುವ ಪಕ್ಕದವನು, ರಾತ್ರಿ ಎದ್ದು ಕೂತರೆ ಯಾಕೋ ಅನ್ನುವ ದನಿ, ಎಲ್ಲ ಹೋಗಿ ಒಂಟಿ ಸೆಲ್ಲು. ನಂಬಿ ಹೇಳಿದ್ದಕ್ಕೆ ಸಿಕ್ಕ ಶಿಕ್ಷೆ ಅದು ಎಂದು ಆತನಿಗೆ ಅನ್ನಿಸಿದರೆ ತಪ್ಪೇನು? ಮುಂದಿನ ಸಲ ಹೇಳುವುದಿಲ್ಲ. ಪಕ್ಕದವರೂ ಕಲಿಯುತ್ತಾರೆ. ಒಂಟಿತನ ಏನು ಮಾಡುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೆಳಗಾವಿಯ ಜೈಲಿನಲ್ಲಿ ಮರಣದಂಡನೆಗೆ ಗುರಿಯಾದವನೊಬ್ಬನನ್ನು ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲಿನಿಂದಲೇ ಶುರುಮಾಡಿ ಒಟ್ಟು ಸುಮಾರು ಹತ್ತು ವರ್ಷ ಒಂಟಿಯಾಗಿ ಇಟ್ಟಿದ್ದರು. ಅದು ಕಾನೂನಿಗೆ ವಿರುದ್ಧ ಮತ್ತು ಅದರಿಂದ ಆತನ ಆರೋಗ್ಯಕ್ಕೆ ಪೆಟ್ಟಾಗಿದೆ ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲುಶಿಕ್ಷೆಯನ್ನೇ ಜೀವಾವಧಿಗೆ ಇಳಿಸಿತು. ಹಾಗಾಗಿ ನಮ್ಮ ಹುಡುಗರ ಚೀಟಿಯಲ್ಲಿ ‘ಆತ್ಮಹತ್ಯೆಯ ಅಪಾಯವಿದೆ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ‘ಒಂಟಿಯಾಗಿ ಇಡಬಾರದು, ಜೊತೆಯಲ್ಲಿ ಇಂಥವರು ಇರಲಿ, ದಿನಕ್ಕೆ ಇಷ್ಟು ಸಲ ನೋಡಿ’ ಎಂದು ಎರಡನೇ ಸಾಲು ಬರೆಯಬೇಕು. ಪಾಲಿಸುತ್ತಾರೆಯೇ? ಕೆಲವು ಸಲ. ಒಳ್ಳೆಯ ವೈದ್ಯಾಧಿಕಾರಿ ಇದ್ದರೆ ಹೆಚ್ಚು ಸಲ.

ವೈದ್ಯಾಧಿಕಾರಿ ಅಂದ ಕೂಡಲೇ ಅದೇ ಕಾಯ್ದೆಯ 103ನೇ ಸೆಕ್ಷನ್ ನೆನಪಾಗುತ್ತದೆ. ಜೈಲಿನಲ್ಲಿ ಮಾನಸಿಕ ಕಾಯಿಲೆಯ ಕೈದಿಗಳು ಇಲ್ಲ ಎಂದು ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೃಢೀಕರಿಸಿ ವರದಿ ಕಳಿಸಬೇಕಂತೆ. ಎಷ್ಟು ಜನ ಇದ್ದಾರೆ ಎಂದಲ್ಲ, ಇಲ್ಲ ಎಂದು! ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರದ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಹೊರತಂದ ಅಧ್ಯಯನದಲ್ಲಿ, ಕುಡಿತ ಮತ್ತು ಮಾದಕ ವಸ್ತುಗಳ ತೊಂದರೆಯನ್ನು ಬದಿಗಿಟ್ಟರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯ್ದೆ ಬರೆದವರು ಅದನ್ನು ಓದಿರಲಿಲ್ಲವೋ ಏನೋ.

ಇನ್ನು ನನ್ನದೇ ಒಂದು ಮೌನದ ವಿಷಯ. ನಾವು ಒಳಗೆ ಹೋಗುವುದು ಅನುಮತಿ ಪತ್ರದ ಮೇಲೆ. ಆ ಪತ್ರಕ್ಕೆ ಪ್ರತಿವರ್ಷ ಹೊಸ ಸಹಿ ಬೇಕು. ಒಮ್ಮೆ ಒಬ್ಬಾತನ ಅಂಗೈಯಲ್ಲಿ ಮೂರು ಉದ್ದನೆಯ ನೀಲಿ ಗೆರೆ ಕಂಡವು. ಬಿದ್ದೆ ಅಂದ. ಬಿದ್ದರೆ ಅಂಗೈಯಲ್ಲಿ ಸಮಾನಾಂತರ ಗೆರೆ ಮೂಡುವುದಿಲ್ಲ. ನನ್ನ ಜೊತೆಗಿದ್ದ ವಿದ್ಯಾರ್ಥಿ ನನ್ನ ಮುಖ ನೋಡಿದ. ನಾನು ಮುಂದಿನ ಪ್ರಶ್ನೆ ಕೇಳಿದೆ. ಆ ವರ್ಷ ಅನುಮತಿ ನವೀಕರಣವಾಗಬೇಕಿತ್ತು, ಹನ್ನೊಂದು ಹುಡುಗರ ಪೋಸ್ಟಿಂಗ್ ಅದರ ಮೇಲೆ ನಿಂತಿತ್ತು, ದೂರು ಕೊಟ್ಟರೆ ಆ ಕೈದಿಗೇ ಇನ್ನಷ್ಟು ಕಷ್ಟ... ಕಾರಣಗಳಿಗೆ ಬರವಿರಲಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೇ ಆಗಿದ್ದವು. ಆ ಹುಡುಗ ಅವತ್ತು ನನ್ನಿಂದ ಕಲಿತದ್ದು ಏನು ಅನ್ನುವುದನ್ನು ನೆನೆದರೆ ಈಗಲೂ ಕಸಿವಿಸಿ. ಈಗ ಕನಿಷ್ಠ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಕಂಡದ್ದನ್ನು ಕಂಡ ಹಾಗೆ ಬರೆಯುವುದು: ‘ಎಡ ಅಂಗೈ, ಮೂರು ಗೆರೆ, ನೀಲಿಗಟ್ಟಿದೆ, ಬಿದ್ದೆ ಎಂದು ಹೇಳಿದರು.’ ಊಹೆ ಬೇಡ, ಆರೋಪ ಬೇಡ. ದಿನಾಂಕ, ಹೊತ್ತು, ಸಹಿ ಇರಲಿ. ಅದೇ ದಿನ ಬರಹದಲ್ಲಿ ವೈದ್ಯಾಧಿಕಾರಿಗೆ, ಆ ಕೈದಿ ಒಪ್ಪಿದರೆ ಕಾನೂನು ಸೇವಾ ಪ್ರಾಧಿಕಾರಕ್ಕೂ. ವಿದ್ಯಾರ್ಥಿ ಸಹಿ ಹಾಕುವುದಿಲ್ಲ, ನಾನು ಹಾಕುತ್ತೇನೆ. ಕಲಿಯಲು ಬಂದ ಮಕ್ಕಳ ಹೆಗಲ ಮೇಲೆ ಅದನ್ನು ಹೊರಿಸುವುದು ಯಾವ ನ್ಯಾಯ?

ಭಾಷೆಯ ಗೊಂದಲ ಬೇರೆ. ಬೆಂಗಳೂರಿನಲ್ಲಿ ಓದುವ ಮಕ್ಕಳು ಕೇರಳ, ದೆಹಲಿ, ಈಶಾನ್ಯದಿಂದ ಬಂದವರು. ಎದುರು ಕೂತವರು ಲಂಬಾಣಿ, ಉರ್ದು, ತುಳು, ಬಂಗಾಳಿ ಮಾತಾಡುವವರು. ಆಗ ವಾರ್ಡರ್ ಉತ್ಸಾಹದಿಂದ ಇನ್ನೊಬ್ಬ ಕೈದಿಯನ್ನು ದುಭಾಷಿಯಾಗಿ ಕರೆತರುತ್ತಾರೆ. ಅವನು ಅದೇ ಬ್ಯಾರಕ್ಕಿನವನು. ಸಂಜೆಯೊಳಗೆ ಸುದ್ದಿ ಸೊಪ್ಪುಸಾರಿನ ಜೊತೆ ಎಲ್ಲರ ತಟ್ಟೆಗೂ ಬಿದ್ದಿರುತ್ತದೆ.

ಡಿಸರ್ಟೇಶನ್ನಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ, ಬರಲಿ. ಜೈಲಿನಲ್ಲಿ ಸ್ಯಾಂಪಲ್ ಸುಲಭವಾಗಿ ಸಿಗುತ್ತದೆ ಅನ್ನುವ ಮಾತನ್ನು ಬೋಧಕರ ಬಾಯಲ್ಲೇ ಕೇಳಿದ್ದೇನೆ. ಒಮ್ಮೆ ಮೂವತ್ತು ಜನ ಬೇಕು ಅಂದಿದ್ದಕ್ಕೆ ಮೂವತ್ತೆರಡು ಜನ ಸಾಲಾಗಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಒಪ್ಪಿಗೆ ಪತ್ರ ಓದುವ ಮೊದಲೇ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಸಿದ್ಧರಾಗಿದ್ದರು. ‘ಇಷ್ಟವಿಲ್ಲದವರು ಹೋಗಬಹುದು’ ಎಂದು ವಿದ್ಯಾರ್ಥಿನಿ ಓದಿದಾಗ ಎಲ್ಲರೂ ವಾರ್ಡರ್ ಮುಖ ನೋಡಿದರು. ಯಾರೂ ಏಳಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಕೈದಿಗಳನ್ನು ವಿಶೇಷ ಕಾಳಜಿ ಬೇಕಾದ ದುರ್ಬಲ ಗುಂಪು ಎಂದು ಗುರುತಿಸಿದೆ. ಅದನ್ನು ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಉಲ್ಲೇಖಿಸಿ, ಆ ಮೂವತ್ತೆರಡು ಜನರ ಅಂಕಿಗಳನ್ನು ನಾಲ್ಕನೇ ಅಧ್ಯಾಯಕ್ಕೆ ಹಾಕಿಕೊಳ್ಳುತ್ತೇವೆ. ನಾವು ಆ ದಿನ ಅಂಕಿ ತಗೊಳ್ಳದೆ ವಾಪಸು ಬಂದೆವು. ಅವಳು ವಿಷಯ ಬದಲಿಸಿದಳು, ಆರು ತಿಂಗಳು ತಡವಾಯಿತು, ಅವಳ ಅಪ್ಪ ನನಗೆ ಫೋನ್ ಮಾಡಿ ರೇಗಿದರು.

ನಮ್ಮ ಮಾತಿಗೆ ತೂಕವಿಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಓದಿಸುತ್ತೇನೆ. ಒಂದು ನಮ್ಮ ರಾಜ್ಯದ ಹೆಸರೇ ಇರುವ, 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಅದು ಹೇಳಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ದೇಶದ ಎಲ್ಲೆಡೆಯಿಂದ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಬೆಂಗಳೂರಿಗೆ ಕರೆತರುತ್ತಿದ್ದ ಕಾಲವಿತ್ತು. ಚುಚ್ಚುಮದ್ದು ಕೊಡುವವರು ಅರಿವಳಿಕೆ ವೈದ್ಯರು. ಮಂಪರಿನಲ್ಲಿದ್ದವನ ಕಿವಿಯ ಹತ್ತಿರ ಬಾಗಿ ಪ್ರಶ್ನೆ ಕೇಳುತ್ತಿದ್ದ ದನಿ ನಮ್ಮ ವೃತ್ತಿಯದು. ಇದನ್ನು ಹೇಳಿದಾಗ ತರಗತಿಯಲ್ಲಿ ಯಾರಾದರೊಬ್ಬರು ಕುರ್ಚಿಯಲ್ಲಿ ಸರಿದು ಕೂರುತ್ತಾರೆ. ಇನ್ನೊಂದು, 2022ರ ಮನೋಜ್ ವಿರುದ್ಧ ಮಧ್ಯಪ್ರದೇಶ ಸರ್ಕಾರ. ಗಲ್ಲುಶಿಕ್ಷೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವ ಮೊದಲು ಆರೋಪಿಯ ಮನೋವೈದ್ಯಕೀಯ, ಮಾನಸಿಕ ಮೌಲ್ಯಮಾಪನ ನ್ಯಾಯಾಲಯದ ಮುಂದೆ ಬರಬೇಕು ಎಂದಿತು. ಒಬ್ಬನ ಬಾಲ್ಯ, ಬಡತನ, ತಲೆಗಾದ ಪೆಟ್ಟು ಇದೆಲ್ಲ ಕೊನೆಗೂ ಲೆಕ್ಕಕ್ಕೆ ಬಂತಲ್ಲ ಎಂದು ಸಂತೋಷಪಟ್ಟೆ. ಜೊತೆಗೇ ಹೆದರಿಕೆಯೂ ಆಯಿತು. ಹಿಸ್ಟರಿ ತೆಗೆಯುವಾಗ ‘ಪಶ್ಚಾತ್ತಾಪ ಕಾಣಲಿಲ್ಲ’ ಎಂದು ಎರಡು ಪದ ಬರೆದುಬಿಡುವ ಅಭ್ಯಾಸ ನಮ್ಮ ಹುಡುಗರಿಗಿದೆ. ಆರು ವರ್ಷದಿಂದ ಯಾರ ಹತ್ತಿರವೂ ಮಾತಾಡದೆ ಮುಖದ ಸ್ನಾಯುಗಳೇ ಒಣಗಿದವನಲ್ಲಿ ನಲವತ್ತು ನಿಮಿಷದಲ್ಲಿ ಪಶ್ಚಾತ್ತಾಪ ಹೇಗೆ ಕಾಣಬೇಕು?

ಮೊದಲ ವಾಕ್ಯಕ್ಕೆ ವಾಪಸು ಬರುತ್ತೇನೆ. ಈಗ ನನ್ನ ಹತ್ತಿರ ಬರುವ ಪ್ರತಿಯೊಬ್ಬರೂ ಒಳಗೆ ಹೋಗುವ ಮುಂಚೆ ಅದನ್ನು ತಮ್ಮದೇ ಮಾತಿನಲ್ಲಿ ಬರೆದು ತರಬೇಕು. ಒಂದು ನಿಮಿಷ ಮೀರಬಾರದು, ಓದುಬರಹ ಬಾರದವರಿಗೂ ತಿಳಿಯಬೇಕು. ಈ ವರ್ಷ ಒಬ್ಬಳು ಬರೆದದ್ದು ಹೀಗಿತ್ತು: “ನಾನು ಇಲ್ಲಿ ಕಲಿಯೋಕೆ ಬಂದಿದೀನಿ. ನೀವು ಹೇಳಿದ್ದನ್ನ ನಮ್ಮ ಮೇಡಂ ಹತ್ರ ಮಾತಾಡ್ತೀನಿ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂತ ಗೊತ್ತಾದ್ರೆ ಡಾಕ್ಟರಿಗೆ ಹೇಳ್ತೀನಿ. ಮಕ್ಕಳಿಗೆ ಯಾರೋ ಕಿರುಕುಳ ಕೊಡ್ತಿದಾರೆ ಅಂತ ಗೊತ್ತಾದ್ರೂ ಹೇಳಲೇಬೇಕು. ಕೋರ್ಟು ಕೇಳಿದ್ರೆ ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಅದಕ್ಕೆ ಕೇಸಿನ ವಿಷಯ ನನಗೆ ಬೇಡ, ವಕೀಲರಿಗೆ ಹೇಳಿ. ನನ್ನಿಂದ ಬೇಲ್ ಸಿಗಲ್ಲ. ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಅದನ್ನ ಯಾರಿಗೂ ದೂರು ಹೇಳಲ್ಲ.”

ತುಮಕೂರು ಕಡೆಯ, ಐವತ್ತು ದಾಟಿದ ರೈತನೊಬ್ಬನ ಎದುರು ಅವಳು ಇದನ್ನು ಹೇಳಿ ಮುಗಿಸಿದಳು. ಆತ ಗಮನವಿಟ್ಟು ಕೇಳಿದ. ತಲೆ ಕೆರೆದುಕೊಂಡ. “ಹಂಗಾದ್ರೆ ಮಾತಾಡೋಕೆ ಏನೂ ಉಳೀಲಿಲ್ವಲ್ಲವ್ವಾ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಹೊರಗೆ ಮಳೆ ಆಯ್ತಾ?” ಎಂದು ಕೇಳಿದ. ಆಗಿದೆ ಅಂದಳು. ಅಲ್ಲಿಂದ ರಾಗಿ ಶುರುವಾಯಿತು. ಬಿತ್ತನೆಗೆ ಹದ ನೋಡುವುದು ಹೇಗೆ, ಅಕ್ಕಡಿ ಸಾಲಿಗೆ ಅವರೆ ಹಾಕುವುದೋ ಹುಚ್ಚೆಳ್ಳು ಹಾಕುವುದೋ, ಕುಂಟೆ ಹೊಡೆಯಲು ಈಗ ಊರಲ್ಲಿ ಎತ್ತು ಯಾರ ಹತ್ತಿರ ಉಳಿದಿವೆ. ಬಾಗಿಲಲ್ಲಿದ್ದ ವಾರ್ಡರ್ ಕೂಡ ಹಾಸನದ ಕಡೆಯವರಂತೆ, ನಡುವೆ ಒಂದು ಮಾತು ಸೇರಿಸಿದರು. ಹುಡುಗಿ ಕೊಚ್ಚಿಯವಳು, ಅವಳಿಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಕೇಳಿ ಕೇಳಿ ಹೇಳಿಸಿಕೊಂಡಳು.

ಸಂಜೆ ಲಾಗ್‌ಬುಕ್ ತೆರೆದಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದಳು. “ಮೇಡಂ, ಚಿಕಿತ್ಸಾ ವಿಧಾನ ಅನ್ನೋ ಕಾಲಂನಲ್ಲಿ ಏನಂತ ಬರೀಲಿ?”

“ಏನು ನಡೀತೋ ಅದನ್ನೇ ಬರಿ” ಅಂದೆ.

ಅವಳು ತನ್ನ ಹೊಸ ಕನ್ನಡದಲ್ಲಿ, ಒಂದೊಂದೇ ಅಕ್ಷರ ಜೋಡಿಸಿ ಬರೆದಳು: ರಾಗಿ, 40 ನಿಮಿಷ.